ರೈಲ್ವೆ ಗೇಟು ದಾಟದ ಕುದುರೆ

ಎಪ್ಪತ್ತರ ದಶಕದ ಮಾತು. ಬಳ್ಳಾರಿಯ ಕೌಲ್ ಬಜಾರಿನಿಂದ ಹೈಸ್ಕೂಲಿಗೆ ನಾವು ಐದು ಹುಡುಗಿಯರು ಒಂದೇ ಜಟಕಾದಲ್ಲಿ ಹೋಗುತ್ತಿದ್ದೆವು. ಗಾಡಿ ಹೊಡೆಯುವ ಮುದುಕ ನಮಗೆಲ್ಲ ಚಾಚಾ. ಮನೆಯಲ್ಲಿ ಉರ್ದು, ನಮ್ಮೊಂದಿಗೆ ಕನ್ನಡ, ಕುದುರೆಯೊಂದಿಗೆ ಮಾತ್ರ ತೆಲುಗು. ಆಂಧ್ರದ ಆದೋನಿಯಿಂದ ತಂದ ಹೆಣ್ಣು ಕುದುರೆ ಅದು. "ಪದಮ್ಮಾ", ಅಂದರೆ ನಡಿಯಮ್ಮ, ಅನ್ನದೆ ಒಂದು ಹೆಜ್ಜೆ ಇಡುತ್ತಿರಲಿಲ್ಲ.

ಜಟಕಾದಲ್ಲಿ ಭಾರ ಮುಂದಾದರೆ ಕುದುರೆಯ ಬೆನ್ನಿಗೆ ಬೀಳುತ್ತದೆ, ಹಿಂದಾದರೆ ಗಾಡಿ ಮೇಲೇಳುತ್ತದೆ. ನಾನು ದುಂಡಗಿದ್ದೆ. "ಬೇಟಿ, ಸ್ವಲ್ಪ ಹಿಂದ ಸರಿಯವ್ವ" ಎಂದು ಚಾಚಾ ನನ್ನನ್ನೇ ತಕ್ಕಡಿಯ ಕಲ್ಲಿನ ಹಾಗೆ ಅತ್ತಿತ್ತ ಸರಿಸುತ್ತಿದ್ದ. ನನಗೆ ಮೂಗಿನ ತುದಿಯಲ್ಲೇ ಕೋಪ; ಉಳಿದವರು ಕಿಸಕ್ಕನೆ ನಗುತ್ತಿದ್ದರು.

ಒಂದು ಸಂಜೆ ರೈಲ್ವೆ ಗೇಟಿನ ಹಳಿಯ ಮೇಲೆ ಕುದುರೆಯ ಕಾಲು ಜಾರಿ ಉಳುಕಿತು. ಕೆಲವು ದಿನ ಸುಮ್ಮನೆ ಬಿಟ್ಟು, ಆಮೇಲೆ ಗಾಡಿ ಕಟ್ಟದೆ ನಿಧಾನವಾಗಿ ನಡೆಸಿರಿ ಎಂದರು ದನದ ಡಾಕ್ಟರು. ಚಾಚಾ ನಮ್ಮ ಮನೆಯ ಅಂಗಳಕ್ಕೆ ಬಂದು ನಿಂತ.

"ಹುಡುಗ್ಯಾರನ್ನ ಬಸ್ಸಿಗೆ ಕಳಸ್ರಿ ಅವ್ವಾರ. ಸಿರುಗುಪ್ಪದಾಗ ಒಬ್ರು ಕೇಳ್ಯಾರ, ಭತ್ತದ ಚೀಲ ಎಳ್ಯಾಕ. ಕುದ್ರೀನ ಕೊಟ್ಟುಬಿಡ್ತೀನಿ."

"ಉಳುಕಿದ ಕಾಲಾಗ ಚೀಲ ಎಳೀಬೇಕಾ?" ಎಂದೆ. ಅವ್ವನ ಕಡೆ ತಿರುಗಿ ನಾನೇ ಹೇಳಿದೆ: "ಕೊಡೂದು ಬ್ಯಾಡ, ನಾವು ಕುದ್ರಿ ಜೋಡಿನ ಸಾಲಿಗೆ ನಡ್ಕೊಂತ ಹೋಗ್ತೀವಿ. ಹೆಂಗೂ ಅದನ್ನ ನಡಸಬೇಕಲ್ಲ."

ಅವ್ವ ನಕ್ಕಳು. "ನಮ್ಮ ಬಳ್ಳಾರಿ ಬಿಸಲಾಗ? ಎರಡು ದಿನಕ್ಕ ನೀವ ಬಸ್ಸು ಹುಡುಕ್ತೀರಿ."

ಆ ಮಾತಿಗೇ ಹಟ ಹಿಡಿದು ನಡೆದೆವು. ಚಾಚಾ ಹಿಂದೆ ಬರುತ್ತಿದ್ದ; ನಾವು ಸರದಿಯ ಮೇಲೆ ಹಗ್ಗ ಹಿಡಿಯುವುದು, ಅದು ನಿಂತರೆ ನಿಲ್ಲುವುದು. "ಏನವ್ವಾ, ಕುದ್ರೀನ ಸಾಲಿಗೆ ಹಾಕಾಕ ಹೊಂಟೀರೇನು?" ಎಂದು ಕಿರಾಣಿ ಅಂಗಡಿಯವರು ಕೇಳಿದರೆ, "ಹೂಂನ್ರಿ, ನಿಮಗಿಂತ ಲಗೂ ಪಾಸಾಗತೈತಿ" ಅನ್ನುತ್ತಿದ್ದೆ. ಗೇಟಿನ ಹತ್ತಿರ ಮಾತ್ರ ತಮಾಷೆ ನಡೆಯುತ್ತಿರಲಿಲ್ಲ. ಹಳಿ ಕಂಡರೆ ಕುದುರೆಯ ಮೈಯೆಲ್ಲ ನಡುಗುತ್ತಿತ್ತು. ಇಷ್ಟು ದಿನ ಗಾಡಿಯೊಳಗಿಂದ ಅದರ ಬಾಲವನ್ನಷ್ಟೇ ಕಂಡಿದ್ದ ನಾನು ಅದರ ಹೆದರಿದ ಕಣ್ಣನ್ನು ಮೊದಲ ಸಲ ಎದುರಿನಿಂದ ನೋಡಿದೆ. ಕುತ್ತಿಗೆಯ ಮೇಲೆ ಕೈಯಿಟ್ಟು, ಬಾಯಿಗೆ ಬಂದಷ್ಟು ತೆಲುಗು ಹೇಳಿ ದಾಟಿಸುತ್ತಿದ್ದೆ.

ಕಾಲು ವಾಸಿಯಾಗಿ ಚಾಚಾ ಮತ್ತೆ ಗಾಡಿ ಕಟ್ಟಿದ. ರಾಣಿಯರ ಹಾಗೆ ಹತ್ತಿ ಕುಳಿತೆವು. ಗೇಟಿಗೆ ಬಂದದ್ದೇ ಕುದುರೆ ನಿಂತಿತು. "ಪದಮ್ಮಾ" ಎಂದರೂ ಇಲ್ಲ, ಬೈದರೂ ಇಲ್ಲ. ಹಿಂದಿನ ಲಾರಿಯವನು ಹಾರ್ನು ಬಾರಿಸತೊಡಗಿದ. ಚಾಚಾನ ಮುಖ ಸಣ್ಣದಾಯಿತು. ಗೇಟು ದಾಟದ ಕುದುರೆಯನ್ನು ಕೌಲ್ ಬಜಾರಿನಲ್ಲಿ ಕಟ್ಟಿಕೊಂಡು ಏನು ಮಾಡುವುದು? ಸಿರುಗುಪ್ಪದವರು ಇನ್ನೂ ಕೇಳುತ್ತಲೇ ಇದ್ದರು.

ನಾನು ಕೆಳಗಿಳಿದೆ. ಕಣ್ಣಿನ ಪಕ್ಕ ತೊಗಲಿನ ಪಟ್ಟಿ ಇದ್ದುದರಿಂದ ಅದಕ್ಕೆ ನಾನು ಕಾಣುತ್ತಿರಲಿಲ್ಲ. ನನ್ನ ಚಪ್ಪಲಿ ಸದ್ದಿಗೆ ಕಿವಿ ಹೊರಳಿತು. ಕುತ್ತಿಗೆಯ ಮೇಲೆ ಕೈಯಿಟ್ಟೆ. ಒಂದು ಕಾಲು ಹಳಿಯಾಚೆ ಇಟ್ಟಿತು, ಆಮೇಲೆ ಇನ್ನೊಂದು.

ಅಂದಿನಿಂದ ಗೇಟು ಬಂದರೆ ನಾನು ಇಳಿಯಬೇಕು. "ನೀನಿಳದ್ರ ಗಾಡಿ ತೂಕಾನೂ ಸರಿ ಆಗತೈತಿ ಬೇಟಿ" ಎಂದು ಚಾಚಾ ನಗುತ್ತಿದ್ದ. ನನಗೆ ಕೋಪ ಬರುತ್ತಿರಲಿಲ್ಲ. ಎಷ್ಟೋ ತಿಂಗಳಾದ ಮೇಲೆ ಒಂದು ಬೆಳಿಗ್ಗೆ ನಾನು ಇಳಿಯುವಷ್ಟರಲ್ಲಿ ಕುದುರೆ ತಾನಾಗಿಯೇ ಹಳಿ ದಾಟಿಬಿಟ್ಟಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಇಳಿಯಲೆಂದು ಎತ್ತಿಕೊಂಡಿದ್ದ ಲಂಗದ ಅಂಚು ನನ್ನ ಕೈಯಲ್ಲೇ ಉಳಿದಿತ್ತು. ಖುಷಿಗಿಂತ ಮೊದಲು ಅಳು ಬಂತು.