ಕೆಂಪು ಇಂಟು ಬಿದ್ದ ನಮ್ಮ ಚಳಿಗಾಲ

ಅಣ್ಣನ ಮಗಳು ಅಂಬಿಕಾ ಬಸ್ಸಿನಿಂದ ಇಳಿದವಳೇ ಡ್ರಾಯಿಂಗ್ ಹಾಳೆ ನನ್ನ ಕೈಗಿಟ್ಟು ಅಂದಳು, "ಅತ್ತಿ, ನಮ್ಮ ಚಳಿಗಾಲ ತಪ್ಪಂತ."

ಹಾಳೆಯ ನಡುವೆ ಕೆಂಪು ಪೆನ್ನಿನ ದೊಡ್ಡ ಇಂಟು ಗುರುತು. ಕೆಳಗೆ ಟೀಚರ್ ಬರೆದಿದ್ದರು... ಹಿಮ ಎಲ್ಲಿ?

ಆಗ ಇಂಗಳೇಶ್ವರದ ಕಡೆ ಮೊಬೈಲ್ ಟವರ್ ಬಂದ ಹೊಸತು. ಅಂಬಿಕಾ ಬಾಗೇವಾಡಿಯ ಇಂಗ್ಲಿಷ್ ಮೀಡಿಯಂನಲ್ಲಿ ಎರಡನೇ ಕ್ಲಾಸು. ನಾನು ಊರಲ್ಲೇ ಐದರವರೆಗೆ ಓದಿ ಮನೆಯಲ್ಲಿ ಉಳಿದವಳು.

ಅವಳು ಬಿಡಿಸಿದ್ದು ಎಳ್ಳಮಾವಾಸ್ಯೆಯ ದಿನದ ನಮ್ಮ ಹೊಲ. ಆಳೆತ್ತರದ ಬಿಳಿಜೋಳ, ಕರಿ ನೆಲ, ಸುತ್ತ ಕೂತು ಸಜ್ಜೆ ರೊಟ್ಟಿ ತಿನ್ನುವ ನಾವು. ಭೂಮಿತಾಯಿ ಉಣ್ಣಲಿ ಎಂದು ಪೈರಿನ ನಡುವೆ ಹಬ್ಬದಡುಗೆಯ ಚರಗ ಚೆಲ್ಲುತ್ತಿರುವ ಅಣ್ಣ. ದೂರದಲ್ಲಿ ಚಿಗರಿ, ಅಂದರೆ ಕೃಷ್ಣಮೃಗಗಳ ಹಿಂಡು.

ಆ ಚಿಗರಿ ತೋರಿಸಿದವಳು ನಾನೇ.

ನಸುಕಿನಲ್ಲಿ ಕಡಲೆ ಹೊಲದ ಬದುವಿಗೆ ಕರೆದೊಯ್ದಿದ್ದೆ. ಇಬ್ಬನಿ ಕೂತ ಕಡಲೆ ಸೊಪ್ಪು ಸವರಿ ಬೆರಳು ನೆಕ್ಕಿದರೆ ಹುಳಿ ಹುಳಿ... ಅದನ್ನೂ ಕಲಿಸಿದ್ದೆ. ಕರಿ ಗಂಡು ಚಿಗರಿ ಕೊಂಬೆತ್ತಿ ನಮ್ಮ ಕಡೆ ನೋಡಿದಾಗ, ಎಲ್ಲಿ ಕೂಗಿಬಿಡುತ್ತೇನೋ ಎಂದು ಹುಡುಗಿ ನನ್ನ ಸೆರಗನ್ನೇ ಬಾಯಿಗೆ ತುರುಕಿಕೊಂಡಿದ್ದಳು.

ಅದೆಲ್ಲ ತಪ್ಪಂತೆ.

ಶಾಲೆಯ ಗ್ಯಾದರಿಂಗ್, ಅಂದರೆ ವಾರ್ಷಿಕೋತ್ಸವ, ಹತ್ತಿರ ಬಂದಿತ್ತು. ಚೆನ್ನಾಗಿರುವ ಚಿತ್ರಗಳನ್ನು ಅವತ್ತು ಗೋಡೆಗೆ ಹಚ್ಚುತ್ತಾರೆ. ಹಿಮ ಹಾಕಿ ಬೇರೆ ಬರೆದು ತಂದರೆ ಅಂಬಿಕಾಳದ್ದೂ ಹಚ್ಚುತ್ತಾರೆ, ಇಲ್ಲದಿದ್ದರೆ ಇಲ್ಲ.

"ಹಿಮದ ಮನಿ ಬರದ್ರ ಮುಗೀತಲ್ಲ, ಗ್ವಾಡಿ ಮ್ಯಾಲ ಹೆಸರರ ಬರ್ತೈತಿ" ಎಂದ ವೈನಿ, ಅಂಬಿಕಾಳ ಅವ್ವ, ನಮ್ಮ ಹೊಲದ ಹತ್ತಿಯನ್ನೇ ಹಿಂಜಿ ಹಿಮವೆಂದು ಬೇರೊಂದು ಹಾಳೆಗೆ ಅಂಟಿಸತೊಡಗಿದರು.

ಅಂಬಿಕಾ ಹತ್ತಿಯನ್ನು ಬೆರಳಲ್ಲಿ ಒತ್ತಿ ನೋಡಿ ಕೇಳಿದಳು, "ಯವ್ವಾ, ಹಿಮದಾಗ ಚರಗ ಹೆಂಗ ಚೆಲ್ತಾರ?"

ಮರುದಿನ ಶಾಲೆಗೆ ಹೋದೆ. ಬಸ್ಸಿನಲ್ಲಿ ಕಂಡಕ್ಟರ್ ಎದುರು ಊರ ಹೆಸರು ಹೇಳಲೂ ನಾಚುವವಳು ನಾನು... ಬಾಗಿಲಲ್ಲಿ ಎಷ್ಟು ಹೊತ್ತು ನಿಂತೆನೋ!

"ಹೊಲ ಯಾಕ್ರಿ ಬ್ಯಾಡ?" ಅಂದೆ.

"ಪುಸ್ತಕದಾಗ ಇದ್ದಂಗ ಬರೀಬೇಕವ್ವಾ. ನೀ ಎಷ್ಟರ ತನಕ ಓದೀದಿ?" ಎಂದರು ಟೀಚರ್.

"ಐದನೇತ್ತಾರಿ."

"ಮತ್ತ?"

"ಐದನೇತ್ತಾ ಓದಿದವ್ರಿಗೂ ಥಂಡಿ ಹತ್ತತೈತ್ರಿ ಮೇಡಂ."

ಅವರಿಗೆ ನಗು ಬಂತು. ಆದರೆ ಗೋಡೆಗೆ ಹಚ್ಚಲು ಮಾತ್ರ ಒಪ್ಪಲಿಲ್ಲ.

ಮನೆಗೆ ಬಂದವಳೇ ವೈನಿಯ ಹಿಮವನ್ನು ಕಿತ್ತು ದೀಪಕ್ಕೆ ಬತ್ತಿ ಹೊಸೆದೆ.

ಗ್ಯಾದರಿಂಗ್ ದಿನ. ಶಾಲೆಯ ಗೇಟಿನ ಹೊರಗೆ ಒಂದು ಬೇವಿನ ಮರ. ನಾನು ಹಾಳೆ ಹಿಡಿದಿದ್ದೇನೆ, ಅಂಬಿಕಾ ಒಂದೊಂದೇ ಜಾಲಿ ಮುಳ್ಳು ಚುಚ್ಚಿ ಅದನ್ನು ಮರದ ತೊಗಟೆಗೆ ಸಿಗಿಸುತ್ತಿದ್ದಾಳೆ.

ಒಳಗೆ ಹೊರಟಿದ್ದ ಒಬ್ಬ ರೈತರು ನಿಂತು ಮಗನನ್ನು ಕೂಗುತ್ತಾರೆ. "ಏ ಬಾರಲೇ ಇಲ್ಲಿ! ನಮ್ಮ ಕಡ್ಲಿ ಮೇಯೋ ಕಳ್ಳ ಚಿಗರಿ ಸಿಕ್ಕಾವು ನೋಡ!"

ಜನ ಸೇರುತ್ತಾರೆ. ನಗುತ್ತಾರೆ. ಅದು ನಮ್ಮ ಬದು, ಇದು ನಿಮ್ಮ ಬದು ಎಂದು ವಾದ ಶುರುವಾಗುತ್ತದೆ.

ಟೀಚರ್ ಓಡಿ ಬಂದರು. "ಏನವ್ವಾ ಇದು? ತಗೀ ಮೊದಲ."

"ಗಿಡ ಸಾಲೀದಲ್ರಿ ಮೇಡಂ... ರಸ್ತೇದು."

ತೆಗೆಯಲಿಲ್ಲ.

ಆ ಕೆಂಪು ಇಂಟು ಎಲ್ಲಿ ಎಂದು ಟೀಚರ್ ಬಗ್ಗಿ ಹುಡುಕಿದರು. ಇತ್ತು, ಅಲ್ಲೇ ಇತ್ತು. ಅಂಬಿಕಾ ಅದಕ್ಕೆ ಗಡಿಗೆಯ ತಲೆ ಇಟ್ಟು, ಅವರಪ್ಪನ ಹರಿದ ಅಂಗಿ ತೊಡಿಸಿ, ಜೋಳದ ನಡುವೆ ಬೆದರುಗೊಂಬೆ ಮಾಡಿ ಕಾವಲಿಗೆ ನಿಲ್ಲಿಸಿದ್ದಳು.

ಹಿಮ ಬೀಳದ ನಮ್ಮ ಚಳಿಗಾಲ ತಪ್ಪು ಅನ್ನುವವರು ಇಲ್ಲಿ ಇನ್ನೂ ಯಾರಾದರೂ ಇದ್ದೀರಾ?