ಎದುರು ಮನೆಯ ಹೆಬ್ಬಾವು

ಕಳೆದ ವಾರ ಬಾಲ್ಕನಿಯ ಮಲ್ಲಿಗೆ ಗಿಡಕ್ಕೆಂದು ತೆಂಗಿನ ನಾರಿನ ಹುಡಿ ತಂದೆ. ಇಲ್ಲಿ ಮಸ್ಕತ್‌ನಲ್ಲಿ ಅದನ್ನು ಇಟ್ಟಿಗೆಯ ಹಾಗೆ ಒತ್ತಿ, ಪ್ಲಾಸ್ಟಿಕ್ ಸುತ್ತಿ ಮಾರುತ್ತಾರೆ. ಊರಲ್ಲಿ ಬಚ್ಚಲ ಒಲೆಗೆ ಹಾಕುತ್ತಿದ್ದ ಸಾಮಾನು, ಹಡಗು ಹತ್ತಿ ಬಂದಕೂಡಲೇ ಅದಕ್ಕೊಂದು ಗತ್ತು. ಬಕೆಟಿಗೆ ಹಾಕಿ ನೀರು ಹೊಯ್ದೆ. ಅದು ಮೆಲ್ಲಗೆ ಉಬ್ಬುತ್ತಾ ಬಂತು, ಒದ್ದೆ ನಾರಿನ ವಾಸನೆ ಎದ್ದಿತು… ಟೀಚರ ಮನೆಯ ವಾಸನೆ ಅದು. ಬಾಗಿಲು ತೆರೆದಕೂಡಲೇ ಮೊದಲು ಮೂಗಿಗೆ ಬರುತ್ತಿದ್ದುದು ಅದೇ, ಯಾಕೆಂದರೆ ಅವರ ಹೆಬ್ಬಾವು ಮಲಗುತ್ತಿದ್ದುದು ಅದರ ಮೇಲೆ.

ಟೀಚರ್ ಅಲ್ ಅಜೈಬಾದ ನಮ್ಮ ಕಟ್ಟಡದಲ್ಲಿ ನಮ್ಮ ಎದುರು ಬಾಗಿಲಿನವರು. ಉಳ್ಳಾಲದ ಬ್ಯಾರಿ ಹೆಂಗಸು, ಐವತ್ತು ದಾಟಿತ್ತು, ಒಬ್ಬರೇ ಇದ್ದರು. ಮಗಳ ಶಾಲೆಯಲ್ಲಿ ಬಯಾಲಜಿ ಪಾಠ ಮಾಡುತ್ತಿದ್ದರು. ಮದುವೆ ಯಾಕಾಗಲಿಲ್ಲವೆಂದು ಕಟ್ಟಡದವರೆಲ್ಲ ಕೇಳಿದ್ದರು, ನಾನು ಮಾತ್ರ ಕೇಳಲಿಲ್ಲ. ಅದು ನನ್ನ ಸಭ್ಯತೆ ಅಂತ ಆಗ ಅಂದುಕೊಂಡಿದ್ದೆ. ನಿಜವಾಗಿ, ಅವರ ವಿಷಯದಲ್ಲಿ ಮರುಕ ಪಡುವಂಥದ್ದು ಏನಾದರೂ ಸಿಕ್ಕಿದರೆ ನನ್ನ ಹೊಟ್ಟೆಕಿಚ್ಚಿಗೆ ಜಾಗ ಸಾಲದೆ ಹೋಗುತ್ತಿತ್ತು.

ಹೌದು, ಹೊಟ್ಟೆಕಿಚ್ಚು. ಈ ವಯಸ್ಸಿನಲ್ಲಿ ಅದಕ್ಕೆ ಬೇರೆ ಹೆಸರಿಡಲು ನನಗೆ ಆಗುವುದಿಲ್ಲ. ಅವರ ಮನೆಮಾತು ಬ್ಯಾರಿ, ಆದರೂ ಅವರ ತುಳು ನನ್ನ ತುಳುವಿಗಿಂತ ಚೆನ್ನಾಗಿತ್ತು, ಅದಕ್ಕೂ ಹೊಟ್ಟೆಕಿಚ್ಚು. ಅವರ ಬಂಗುಡೆ ಪುಳಿಮುಂಚಿಯನ್ನು ಮಗಳು ಬೆರಳು ನೆಕ್ಕಿ ತಿನ್ನುತ್ತಿದ್ದಳು, ನನ್ನದಕ್ಕೆ ಉಪ್ಪು ಕಮ್ಮಿ. ಗಂಡ ಕೆಲಸಕ್ಕೆಂದು ದೂರದ ದುಕ್ಮ್ ಬಂದರಿನಲ್ಲಿದ್ದರು, ಗುರುವಾರ ಸಂಜೆ ಕಂಪೆನಿಯ ಬಸ್ಸಿನಲ್ಲಿ ಬಂದು ಶನಿವಾರ ಹೊರಡುತ್ತಿದ್ದರು. ವಾರವಿಡೀ ಮನೆಯಲ್ಲಿ ನಾನು, ಹದಿಮೂರು ವರ್ಷದ ಮಗಳು. ಅವಳೋ ಶಾಲೆಯ ಚೀಲ ಸೋಫಾದ ಮೇಲೆ ಎಸೆದು ಎದುರು ಮನೆಗೆ ಓಡುವವಳು. ಊಟಕ್ಕೆ ಕೂತರೆ 'ಟೀಚರ್ ಹೇಳಿದ್ರು', ಮಲಗುವಾಗ 'ಟೀಚರ್ ಹೇಳಿದ್ರು'. ನನ್ನ ಜೊತೆ ಇಂಗ್ಲಿಷ್‌ನಲ್ಲಿ ಎರಡಕ್ಷರ ಉತ್ತರ ಕೊಡುವ ಹುಡುಗಿ ಟೀಚರ ಮನೆಯಲ್ಲಿ ಚೆಂದದ ಕನ್ನಡದಲ್ಲಿ ಹರಟುವುದು ಗೋಡೆಯಾಚೆಗೆ ಕೇಳಿಸುತ್ತಿತ್ತು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಅಮ್ಮ ಎಂದರೆ ಹಿತ್ತಲ ಗಿಡವೇ. ಅವಳು ದೊಡ್ಡವಳಾದದ್ದನ್ನು ಕೂಡ ಮೊದಲು ಹೇಳಿದ್ದು ಟೀಚರಿಗೆ. ನನಗೆ ಗೊತ್ತಾದದ್ದು ಟೀಚರ್ ಅವಳ ಕೈಹಿಡಿದು ನಮ್ಮ ಬಾಗಿಲಿಗೆ ತಂದು ಬಿಟ್ಟ ಮೇಲೆ. ಆ ದಿನ ಪಾಯಸ ಮಾಡಿದೆ, ಅವರ ಮನೆಗೂ ಒಂದು ಬಟ್ಟಲು ಕೊಟ್ಟೆ, ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಅತ್ತೆ.

ಹಾವನ್ನು ಟೀಚರ್ ತಂದು ಸಾಕಿದ್ದಲ್ಲ. ಯಾರೋ ದಕ್ಷಿಣ ಆಫ್ರಿಕಾದ ಇಂಜಿನಿಯರ್ ಕೆಲಸ ಮುಗಿಸಿ ಊರಿಗೆ ಹೊರಟಾಗ ಅದನ್ನು ಬಿಟ್ಟುಹೋಗಿದ್ದ. ನಾಲ್ಕಡಿ ಉದ್ದ, ಕಂದು ಮೈ, ಕಪ್ಪು ಪಟ್ಟೆ. ಬಯಾಲಜಿ ಟೀಚರ್ ಎಂಬ ಒಂದೇ ಕಾರಣಕ್ಕೆ ಅದು ಇವರ ಪಾಲಿಗೆ ಬಂತು. ಎಷ್ಟು ಮನೆ ಬದಲಿಸಿತ್ತೋ ಏನೋ, ಮಹಾ ಅಂಜುಬುರುಕ. ಗಾಜಿನ ಪೆಟ್ಟಿಗೆಯ ಬಾಗಿಲು ಸರಿಸಿದರೆ ಸಾಕು, ಕುತ್ತಿಗೆ ಮಡಚಿ, ಮೈ ಉಬ್ಬಿಸಿ, ಕುಕ್ಕರಿನ ಹಾಗೆ ಬುಸುಗುಡುತ್ತಿತ್ತು. ಹೊರಗೆ ತೆಗೆದ ಮೇಲೆ ಅದೇ ಹಾವು ಮಗಳ ಮಡಿಲಲ್ಲಿ ಸುರುಳಿ ಸುತ್ತಿ ಮಲಗುತ್ತಿತ್ತು.

ತೆಗೆಯುವುದಕ್ಕೆ ಟೀಚರದ್ದೇ ಒಂದು ಕ್ರಮ ಇತ್ತು. ಮೊದಲು ಕೈ ತೊಳೆಯಬೇಕು, ಕೋಳಿ, ಮೀನಿನ ವಾಸನೆ ಇರಬಾರದು. ಗಾಜಿನ ಎದುರು ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲಬೇಕು, ಅದಕ್ಕೆ ನಮ್ಮನ್ನು ನೋಡಲು ಪುರುಸೊತ್ತು ಕೊಡಬೇಕು. ಬಾಗಿಲು ಸರಿಸಿ, ತುದಿ ಬಾಗಿದ ಒಂದು ಕೋಲಿನಿಂದ ಬೆನ್ನನ್ನು ಮೆಲ್ಲಗೆ ಮುಟ್ಟಬೇಕು. ಊಟ ತಂದದ್ದಲ್ಲ, ಎತ್ತಲು ಬಂದದ್ದು ಅಂತ ಅದಕ್ಕೆ ತಿಳಿಯುವುದು ಹಾಗೆ. ಆಮೇಲೆ ಬದಿಯಿಂದ ಎರಡೂ ಕೈ ಹಾಕಿ, ನಡುಮೈ ಕೆಳಗಿನಿಂದ ಎತ್ತಬೇಕು. ಮೇಲಿನಿಂದ ಕೈ ಇಳಿಸಿದರೆ ಅದಕ್ಕೆ ಹದ್ದು ಬಂದಂತೆ. ಇಲಿ ನುಂಗಿದ ಎರಡು ದಿನ ಮುಟ್ಟಲೇಬಾರದು. ಪೊರೆ ಬಿಡುವ ಮೊದಲು ಕಣ್ಣು ಹಾಲು ಹಾಲಾಗುತ್ತದೆ, ಆಗ ಅದಕ್ಕೆ ಸರಿಯಾಗಿ ಕಾಣಿಸದು, ಹೆದರಿಕೆ ಜಾಸ್ತಿ. ಆಗ ಬಾಗಿಲ ಹತ್ತಿರವೂ ಹೋಗಬಾರದು.

ನಾನು ಅವರ ಹೊಸಿಲ ಹೊರಗೇ ನಿಂತು ಇದನ್ನೆಲ್ಲ ನೋಡುತ್ತಿದ್ದೆ. ಒಮ್ಮೆ, ಕಚ್ಚಿದರೆ ಏನು ಮಾಡುತ್ತೀರಿ ಅಂತ ಕೇಳಿದೆ.

"ಎಳೀಬಾರದು. ಅದರ ಹಲ್ಲು ಹಿಂದಕ್ಕೆ ಬಾಗಿ ಉಂಟು. ಎಳೆದ್ರೆ ನಮಗೂ ಗಾಯ, ಅದಕ್ಕೂ ಗಾಯ. ವಿಷ ಇಲ್ಲ. ಸುಮ್ಮನೆ ಇದ್ರೆ ಅದಾಗಿಯೇ ಬಿಡ್ತದೆ" ಅಂದರು. ಆಮೇಲೆ ಹಾವಿನ ಮೈ ಸವರುತ್ತಾ, "ಇದು ಸಿಟ್ಟಲ್ಲ ಮಾರಾಯ್ರೆ. ಅದರ ಮನೆಯೊಳಗೆ ನಾವು ಕೈ ಹಾಕುದಲ್ವಾ, ಅದಕ್ಕೆ ಹೆದರಿಕೆ" ಅಂದರು.

ಮಗಳು ನನ್ನ ಕಡೆ ನೋಡಲೂ ಇಲ್ಲ. ಅವಳ ಕಣ್ಣು ಅವರ ಮುಖದ ಮೇಲೆ ನೆಟ್ಟಿತ್ತು.

ಇಲ್ಲಿ ಬೇಸಿಗೆ ರಜೆ ಬರುವುದು ಜೂನ್, ಜುಲೈಯಲ್ಲಿ. ಆ ರಜೆಯಲ್ಲಿ ಗಂಡನಿಗೆ ರಜೆ ಸಿಗದೆ ನಾವು ಊರಿಗೆ ಹೋಗಲಿಲ್ಲ. ಟೀಚರ ತಾಯಿಗೆ ಹುಷಾರಿಲ್ಲವೆಂದು ಅವರು ಎರಡು ವಾರಕ್ಕೆ ಉಳ್ಳಾಲಕ್ಕೆ ಹೊರಟರು. ಕೀಲಿಕೈ ಕೊಟ್ಟದ್ದು ಮಗಳ ಕೈಗೆ. ನೀರು ಬದಲಿಸುವುದು, ಪೆಟ್ಟಿಗೆಯ ಬಿಸಿ ಎಷ್ಟಿದೆ ಅಂತ ನೋಡುವುದು, ಅಷ್ಟೇ ಕೆಲಸ. ಕಣ್ಣು ಹಾಲಾಗಲು ಶುರುವಾಗಿದೆ, ಮುಟ್ಟಬೇಡ ಅಂತ ಅವಳಿಗೆ ಎರಡು ಸಲ ಹೇಳಿದರು. ನಾನು ಪಕ್ಕದಲ್ಲೇ ನಿಂತು ಕೇಳಿಸಿಕೊಂಡಿದ್ದೆ.

ಅವರು ಹೋದ ಮೇಲೆ ನಾಗರಪಂಚಮಿ ಬಂತು. ಬೆಳಿಗ್ಗೆ ಅತ್ತೆಯ ಫೋನು. ಕುಟುಂಬದ ನಾಗನಿಗೆ ಹಾಲು, ಸೀಯಾಳದ ತನು ಎರೆಯಲು ಈ ವರ್ಷ ನಿಮ್ಮ ಕಡೆಯಿಂದ ಯಾರೂ ಬರಲಿಲ್ಲ, ಅಲ್ಲಿಯೇ ಕೈಮುಗಿದು ಏನಾದರೂ ಮಾಡು ಅಂದರು. ಫೋನಿಟ್ಟವಳಿಗೆ ಎದುರು ಮನೆಯ ಹಾವು ನೆನಪಾಯಿತು. ಹೆಬ್ಬಾವು ನಾಗನಲ್ಲ ಅಂತ ನನಗೆ ಗೊತ್ತಿಲ್ಲವೇ? ನಾಗಬನದ ಪಕ್ಕದ ಮನೆಯಲ್ಲಿ ಹುಟ್ಟಿದವಳು ನಾನು. ಆದರೆ ತಲೆಯೊಳಗೆ ಒಂದೇ ಮಾತು ಕೂತುಬಿಟ್ಟಿತ್ತು. ಹಾವು ನಮ್ಮ ದೇವರು, ಹಾಲೆರೆಯುವವರು ನಾವು. ಈ ಬ್ಯಾರಿ ಹೆಂಗಸು ನನ್ನ ಮಗಳಿಗೆ ಹಾವಿನ ವಿಷಯ ಕಲಿಸುವುದೆಂದರೆ ಏನು? ಬರೆಯಲು ನಾಚಿಕೆಯಾಗುತ್ತದೆ, ಆದರೆ ಅಂದುಕೊಂಡದ್ದು ಹಾಗೆಯೇ. ಭಕ್ತಿ ಅರ್ಧ, ಹೊಟ್ಟೆಕಿಚ್ಚು ಅರ್ಧ ಅಂದರೂ ಸುಳ್ಳು. ಭಕ್ತಿ ಕಾಲುಪಾಲೂ ಇರಲಿಲ್ಲ.

ಮಗಳು ಈಜು ಕ್ಲಾಸಿಗೆ ಹೋದದ್ದನ್ನು ನೋಡಿ ತಲೆಗೆ ಸ್ನಾನ ಮಾಡಿದೆ, ಅವಳ ಮೇಜಿನಿಂದ ಎದುರು ಮನೆಯ ಕೀಲಿಕೈ ತೆಗೆದುಕೊಂಡೆ. ತಟ್ಟೆಯಲ್ಲಿ ಹಾಲು, ಅರಸಿನ, ಬಾಲ್ಕನಿಯ ನಾಲ್ಕು ಮಲ್ಲಿಗೆ. ಎಡಗೈಯಲ್ಲಿ ಮೊಬೈಲು. ಹಾವಿನ ನೆತ್ತಿಗೆ ಅರಸಿನ ಇಡುವುದನ್ನು ವಿಡಿಯೋ ಮಾಡಿ ಮಗಳಿಗೆ ತೋರಿಸಬೇಕು, ನೋಡು, ನಿನ್ನ ಅಮ್ಮನೂ ಬಾಗಿಲು ತೆರೆದಳು ಅನ್ನಬೇಕು. ಅವಳು ಬಾಯಿ ಬಿಟ್ಟು ನನ್ನನ್ನೇ ನೋಡಬೇಕು. ನನಗೆ ಬೇಕಾಗಿದ್ದ ವರ ಅದು.

ಕೋಲು ಅಲ್ಲೇ ಮೊಳೆಗೆ ನೇತಾಡುತ್ತಿತ್ತು. ತೆಗೆಯಲಿಲ್ಲ, ದೇವರನ್ನು ಕೋಲಿನಿಂದ ಮುಟ್ಟುವುದೇ ಅನ್ನಿಸಿತು. ಗಾಜು ಸರಿಸಿ ತಟ್ಟೆಯನ್ನು ಒಳಗಿಟ್ಟೆ, ಅರಸಿನದ ಬೆರಳನ್ನು ಮೇಲಿನಿಂದ ಇಳಿಸಿದೆ. ಅದರ ಕಣ್ಣೆರಡೂ ಹಾಲುಗಣ್ಣು. ಬುಸುಗುಟ್ಟಿದ್ದು ಕೇಳಿತು, ಹಾರಿದ್ದು ಕಾಣಲಿಲ್ಲ. ಹೆಬ್ಬೆರಳ ಬುಡದಲ್ಲಿ ಕಚ್ಚಿಕೊಂಡಿತ್ತು. ನೋವಿಗಿಂತ ಹೆದರಿಕೆ ಜಾಸ್ತಿ. ಎಳೀಬಾರದು ಎಂಬ ಮಾತು ನೆನಪಾಗುವ ಮೊದಲೇ ಕೈ ಜಗ್ಗಿ ಎಳೆದಾಗಿತ್ತು. ಹಾವು ಗಾಜಿನ ಅಂಚಿಗೆ ಬಡಿದು ಒಳಗೆ ಬಿತ್ತು, ತಟ್ಟೆ ಮಗುಚಿತು, ಹಾಲೆಲ್ಲ ನಾರಿನೊಳಗೆ ಇಂಗಿತು. ಕೈ ತೊಳೆಯುವಾಗ ಗಾಯದಲ್ಲಿ ಸೂಜಿಯಂಥ ಎರಡು ಹಲ್ಲು ಮುರಿದು ಕೂತಿದ್ದವು.

ತಟ್ಟೆಯನ್ನು ಹೇಗೋ ಈಚೆ ತೆಗೆದು ಗಾಜು ಮುಚ್ಚಿದೆ. ವಿಡಿಯೋ ಅಳಿಸಿದೆ. ನಾರು ಬದಲಿಸುವ ಧೈರ್ಯ ಇರಲಿಲ್ಲ. ಸಂಜೆ ಮಗಳಿಗೆ ಕೈಯ ಪಟ್ಟಿಯ ಬಗ್ಗೆ ಒಂದು ಸುಳ್ಳು ಹೇಳಿದೆ, ಅದರ ಮೇಲೆ ಇನ್ನೊಂದು, ಟೀಚರ್ ಫೋನ್ ಮಾಡಿದ್ದರು, ಅವರು ಬರುವವರೆಗೆ ಆ ಕೋಣೆಗೇ ಹೋಗಬಾರದಂತೆ ಅಂತ. ಪಾಪ, ನಂಬಿದಳು. ಹಾವು ನಾಲ್ಕು ದಿನ ಗಾಯದ ಬಾಯಿಯಲ್ಲಿ ಹುಳಿ ಬಂದ ಹಾಲಿನ ಮೇಲೆ ಮಲಗಿತ್ತು…

ಟೀಚರ್ ಬಂದ ದಿನ ಕೀಲಿಕೈ ಕೊಡಲು ನಾನೇ ಹೋದೆ. ಪೆಟ್ಟಿಗೆಯ ಬಾಗಿಲು ಸರಿಸಿ ಅವರು ಮೂಗು ಸಿಂಡರಿಸಿದರು. ನಾರಿನೊಳಗಿಂದ ಒಣಗಿದ ಒಂದು ಮಲ್ಲಿಗೆ ಎತ್ತಿ ಅಂಗೈಯಲ್ಲಿಟ್ಟುಕೊಂಡು ನೋಡಿದರು. ಅವರು ಕೇಳುವ ಮೊದಲೇ ನಾನು ಕೈಯ ಪಟ್ಟಿ ತೋರಿಸಿ, ತರಕಾರಿ ಹಚ್ಚುವಾಗ ಮೆಟ್ಟುಕತ್ತಿ ತಾಗಿತು ಅಂದೆ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಳ್ಳಲು ಯಾರೂ ಹೇಳಬೇಕಾಗಿಲ್ಲ.

ಅವರು ನನ್ನನ್ನು ಕೂರಿಸಿ ಪಟ್ಟಿ ಬಿಚ್ಚಿದರು. ಹೆಬ್ಬೆರಳ ಬುಡದಲ್ಲಿ ಚುಕ್ಕಿಗಳ ಸಾಲು ಕೀವುಗಟ್ಟಿತ್ತು. ತೊಳೆದು ಔಷಧ ಹಚ್ಚುತ್ತಾ, ತಲೆ ಎತ್ತದೆ ಹೇಳಿದರು. "ಮೆಟ್ಟುಕತ್ತಿಗೆ ಇಷ್ಟು ಹಲ್ಲು ಇರುದಿಲ್ಲ ಅಲ್ವಾ?"

ಹೊಸ ಪಟ್ಟಿ ಕಟ್ಟಿ ಮುಗಿದ ಮೇಲೆ, "ಮಗಳಿಗೆ ಹೇಳುದು ಬಿಡುದು ನಿಮಗೆ ಸೇರಿದ್ದು. ನಾನು ಹೇಳುದಿಲ್ಲ" ಅಂದರು.

ಬೈದಿದ್ದರೆ ನನಗೆ ಸುಖವಿತ್ತು. ಬೈಯದೆ ಅವರು ಮತ್ತೂ ಒಂದು ಮೆಟ್ಟಿಲು ಮೇಲೆ ಹೋದರು, ನಾನು ಕೆಳಗೆ ನಿಂತು ಅದಕ್ಕೂ ಕರುಬಿದೆ.

ಹಾವಿನ ಬಾಯಿ ಬಾತಿತು. ಡಾಕ್ಟರು, ಇಂಜೆಕ್ಷನ್ನು, ಎಲ್ಲ ಆಯಿತು. ಮೂರನೇ ವಾರ ಸತ್ತಿತು. ಮಗಳು ಎರಡು ದಿನ ಊಟ ಬಿಟ್ಟಳು. ಟೀಚರ್ ಊರಲ್ಲಿದ್ದಾಗ ಒಂದು ದಿನ ಅವಳು ಆ ಕೋಣೆಯಲ್ಲಿ ಏಸಿ ಹಾಕಿಕೊಂಡು ಓದುತ್ತಾ ಕೂತು, ಆರಿಸಲು ಮರೆತು ಬಂದಿದ್ದಳಂತೆ. ಮರುದಿನ ಹೋಗಿ ನೋಡಿದರೆ ಕೋಣೆಯೆಲ್ಲ ಥಂಡಿ. ಹಾವಿಗೆ ಚಳಿ ಹಿಡಿದು ಕಾಯಿಲೆಯಾಯಿತು, ಅದನ್ನು ಕೊಂದವಳು ತಾನೇ ಅಂತ ಅವಳ ಎಣಿಕೆ. ಅದರಿಂದಲ್ಲ ಅಂತ ಟೀಚರ್ ಎಷ್ಟು ಹೇಳಿದರೂ ಅವಳು ನಂಬಲಿಲ್ಲ, ಸಮಾಧಾನಕ್ಕೆ ಹೇಳುತ್ತಾರೆ ಅಂದುಕೊಂಡಳು. ಅವಳನ್ನು ನಂಬಿಸಬಲ್ಲವಳು ನಾನೊಬ್ಬಳೇ. ನಾನು ಸಾರಿನಲ್ಲಿ ಸೌಟು ತಿರುಗಿಸುತ್ತಾ ನಿಂತೆ. ಇನ್ನು ಎದುರು ಮನೆಗೆ ಓಡುವುದು ನಿಲ್ಲಬಹುದು ಎಂಬ ಆಸೆಯೂ ಒಳಗೊಳಗೆ ಇತ್ತು. ನಿಲ್ಲಲಿಲ್ಲ. ತಪ್ಪು ಮಾಡಿದವಳ ಹಾಗೆ ಮತ್ತೂ ಹೆಚ್ಚು ಹೋದಳು.

ಮುಂದಿನ ವರ್ಷ ಟೀಚರ್ ಕೆಲಸ ಬಿಟ್ಟು ಊರಿಗೆ ಹೋದರು. ಏರ್‌ಪೋರ್ಟಿಗೆ ಮಗಳು ಹೋದಳು, ನನಗೆ ತಲೆನೋವಿತ್ತು. ಹೊರಡುವ ಮೊದಲು ಅವರು ನಮ್ಮ ಬೆಲ್ ಒತ್ತಿ, ಎಂದಿನಂತೆ ಎರಡು ಹೆಜ್ಜೆ ಹಿಂದೆ ಸರಿದು ನಿಂತಿದ್ದರು. ಆ ಎರಡು ಹೆಜ್ಜೆಯನ್ನು ನಾನು ಇಷ್ಟು ಕಾಲ ಅಹಂಕಾರ ಅಂದುಕೊಂಡಿದ್ದೆ… ಗಾಜಿನ ಎದುರು ಹಾವಿಗೆ ಪುರುಸೊತ್ತು ಕೊಟ್ಟು ನಿಲ್ಲುತ್ತಿದ್ದುದೂ ಹಾಗೆಯೇ. ಹೇಳಲಿಕ್ಕೆ ಏನಾದರೂ ಉಂಟಾ ಅಂತ ಕೇಳುವ ಹಾಗೆ ನನ್ನ ಮುಖ ನೋಡಿದರು. ನಾನು ಖುದಾ ಹಾಫಿಜ್ ಅಂದುಬಿಟ್ಟೆ, ಜೀವಮಾನದಲ್ಲಿ ಅವರ ಹತ್ತಿರ ಆಡದ ಮಾತು. ಅವರು ನಕ್ಕು, ತುಳುವಿನಲ್ಲೇ ಹೋಗಿ ಬರುತ್ತೇನೆ ಅಂದರು.

ಇದೆಲ್ಲ ಆಗಿ ಏಳು ವರ್ಷ. ಮಗಳೀಗ ಮಂಗಳೂರಿನಲ್ಲಿ ಓದುತ್ತಿದ್ದಾಳೆ. ಇಪ್ಪತ್ತು ದಿನದ ಹಿಂದೆ ಅವಳ ಫೋನು ಬಂತು. ಟೀಚರ್ ತೀರಿಕೊಂಡರು, ನಾನು ಅವರ ಮನೆಯಲ್ಲೇ ಇದ್ದೇನೆ ಅಂದಳು. ಎರಡು ವರ್ಷದಿಂದ ಭಾನುವಾರ ಭಾನುವಾರ ಉಳ್ಳಾಲಕ್ಕೆ ಹೋಗುತ್ತಿದ್ದಳಂತೆ. ನನಗೆ ಹೇಳಿರಲಿಲ್ಲ. ಸಾವಿನ ಸುದ್ದಿ ಕೇಳುತ್ತಿರುವಾಗಲೂ ನನ್ನ ಎದೆಗೆ ಮೊದಲು ಚುಚ್ಚಿದ್ದು ಆ ಭಾನುವಾರಗಳು.

"ಅವರ ಹಾವನ್ನು ಕೊಂದವಳು ನಾನು ಮಮ್ಮಿ. ಆದರೂ ಒಂದು ದಿನ ನನ್ನನ್ನು ದೂರ ಮಾಡ್ಲಿಲ್ಲ" ಅಂತ ಅತ್ತಳು.

ಆಗ ಹೇಳಿದೆ. ಹಾಲು, ಅರಸಿನ, ಮೊಬೈಲು, ಎಳೆದದ್ದು, ಸುಳ್ಳು, ಎಲ್ಲ. ಅವಳ ಭಾರ ಇಳಿಸಲು ಹೇಳಿದೆನೋ, ಸತ್ತವರಿಗಾಗಿ ಅವಳು ಅಳುವುದನ್ನು ತಾಳದೆ ಹೇಳಿದೆನೋ, ಈಗಲೂ ಗೊತ್ತಿಲ್ಲ. ಆ ಕಡೆ ಯಾರೋ ಕುರಾನ್ ಓದುವ ಸದ್ದು ಕೇಳುತ್ತಿತ್ತು.

"ಅವರಿಗೆ ಗೊತ್ತಿತ್ತಾ?" ಅಂತ ಕೇಳಿದಳು.

ಗೊತ್ತಿತ್ತು ಅಂದೆ.

ಫೋನ್ ಇಟ್ಟಳು. ಆಮೇಲೆ ಮಾಡಿಲ್ಲ. ನಾನು ಮಾಡಿದರೆ ಎತ್ತುವುದಿಲ್ಲ, ಅವಳ ಅಪ್ಪನಿಗೆ ಮಾತ್ರ ಹುಷಾರಿದ್ದೇನೆ ಅಂತ ಮೆಸೇಜ್ ಹಾಕುತ್ತಾಳೆ. ಬೇರೆ ಯಾರ ಮಾತೂ ಕೇಳುವ ಹುಡುಗಿಯಲ್ಲ ಅದು. ಅಮ್ಮನ ಹತ್ತಿರ ಮಾತಾಡು ಮಗಾ ಅಂತ ಒಂದು ಮಾತು ಹೇಳಿ ಅವಳನ್ನು ನನ್ನ ಕಡೆಗೆ ಕಳಿಸಬಲ್ಲವರು ಒಬ್ಬರೇ ಇದ್ದರು.