ಬಾಗಿಲಕ್ಕ ಕೀಸದ ಬಾಗಿಲು

ನಮ್ಮಲ್ಲಿ ಯಾರ ವಯಸ್ಸನ್ನೂ ವರ್ಷದ ಲೆಕ್ಕದಲ್ಲಿ ಕೇಳುವುದಿಲ್ಲ. ಯಾವ ಭೂಕಂಪಕ್ಕೆ ಮೊದಲು, ಯಾವುದರ ಆಮೇಲೆ ಎಂದು ಕೇಳುತ್ತಾರೆ. ಬಾಗಿಲಕ್ಕ ಹುಟ್ಟಿದ್ದು ‘ಮಣ್ಣಿನದು’ ಆದ ಮೇಲೆ. ಮದುವೆಯಾಗಿದ್ದು ‘ಇಟ್ಟಿಗೆಯದು’ ಆದ ಮೇಲೆ. ಗಂಡ ಹೋಗಿದ್ದು ‘ಊಟದ ಹೊತ್ತಿನದ’ರಲ್ಲಿ.

ಮಣ್ಣಿನದು ಅವಳ ಅಜ್ಜನ ಕಾಲದ್ದು. ಊರಿನ ಮಣ್ಣಿನ ಗೋಡೆಗಳೆಲ್ಲ ನೆನೆದ ರಟ್ಟಿನಂತೆ ಕುಸಿದವು. ಮಣ್ಣು ಸರಿಯಿಲ್ಲ, ಇಟ್ಟಿಗೆಯಲ್ಲಿ ಕಟ್ಟಿ ಎಂದಿತು ಸರ್ಕಾರ. ಕಟ್ಟಿದರು. ಅಪ್ಪನ ಕಾಲದಲ್ಲಿ ಇಟ್ಟಿಗೆಯೂ ಬಿತ್ತು. ಇಟ್ಟಿಗೆ ಸರಿಯಿಲ್ಲ, ಸಿಮೆಂಟಿನ ಕಂಬ ಎತ್ತಿ ಎಂದಿತು ಸರ್ಕಾರ. ಎತ್ತಿದರು. ಕಂಬದೊಳಗೆ ಕಬ್ಬಿಣ ಎಷ್ಟಿತ್ತು ಅನ್ನುವುದು ಕಂಟ್ರಾಕ್ಟರನಿಗೂ ಅವನ ಬೀಗನಾದ ಅಧಿಕಾರಿಗೂ ಮಾತ್ರ ಗೊತ್ತಿತ್ತು. ಊಟದ ಹೊತ್ತಿನದು ಬಂದು ಅದನ್ನು ಊರಿಗೆಲ್ಲ ಬಿಚ್ಚಿ ತೋರಿಸಿತು. ಮಂತ್ರಿ ಬಂದ, ತಲೆಗೆ ಹಳದಿ ಟೊಪ್ಪಿ ಏರಿಸಿಕೊಂಡು ಫೋಟೋ ತೆಗೆಸಿಕೊಂಡ. ಜನ ಅವನ ಜೀಪಿಗೆ ಅಡ್ಡ ಕೂತರು. ಪೊಲೀಸರು ರಟ್ಟೆ ಹಿಡಿದು ಎಳೆದು ಹಾಕಿದರು. ಜೀಪು ಹೋಯಿತು.

ಅಜ್ಜ, ಅಪ್ಪ ಇಬ್ಬರೂ ಬಡಗಿಗಳು. ಬಿದ್ದ ಮನೆಯ ರಾಶಿಯಿಂದ ಬಾಗಿಲನ್ನು ಎಳೆದು ತಂದು, ಮೊಳೆ ಕಿತ್ತು, ಮೈ ಒರೆಸಿ, ಹೊಸ ಮನೆಗೆ ಕೂರಿಸುವುದು ಅವರ ಕಸುಬು. ಗೋಡೆ ಏನೇ ಆಗಲಿ, ಬಾಗಿಲು ಹಳೆಯದೇ.

ಬಾಗಿಲಕ್ಕನ ಗಂಡ ಅಚ್ಚುಕೂಟದಲ್ಲಿ ಕೆಲಸಕ್ಕಿದ್ದ. ಅವನ ಮೇಲೆ ಗೋಡೆ ಬೀಳಲಿಲ್ಲ. ಚೌಕಟ್ಟು ಓರೆಯಾಗಿ ಬಾಗಿಲು ಕಚ್ಚಿಕೊಂಡಿತು, ಒಳಗೆ ಬೆಂಕಿ ಹತ್ತಿತು, ತೆಗೆಯಲು ಆಗಲಿಲ್ಲ. ಗುರುತು ಹಿಡಿಯಲು ಕರೆದಾಗ ಅವಳು ನೋಡಿದಳು, ಹೌದು ಅಂದಳು, ಮನೆಗೆ ಬಂದು ತಂತಿಯ ಮೇಲೆ ಒಣಗಿದ್ದ ಬಟ್ಟೆ ಮಡಚಿದಳು. ಅವನ ಅಂಗಿಯನ್ನೂ ಮಡಚಿದಳು. “ಒಂದ್ಸಲ ಅತ್ಬಿಡೇ ಅಕ್ಕಾ” ಎಂದು ತಂಗಿ ಅಂಗಲಾಚಿದಳು. ಅಳು ಬರಲಿಲ್ಲ. ಆಮೇಲಾದರೂ ಬರುತ್ತದೆ ಅಂದುಕೊಂಡಳು, ಬರಲಿಲ್ಲ. ಅಪ್ಪನ ಮರಗೆಲಸದ ಅಂಗಡಿಗೆ ಹೋಗಿ ಮರ ಹೆರೆಯುವ ಕೀಸುಳಿ ಕೈಗೆತ್ತಿಕೊಂಡಳು.

ಅಚ್ಚುಕೂಟದಲ್ಲಾದಂತೆಯೇ ಊರಿನಲ್ಲಿ ಬಹಳ ಮಂದಿ ಸತ್ತಿದ್ದರು. ಅಲ್ಲಿಂದೀಚೆಗೆ ಜನಕ್ಕೆ ಒಂದು ಅಭ್ಯಾಸ ಅಂಟಿಕೊಂಡಿತು. ನಡುಕ ನಿಂತ ಕೂಡಲೇ ಯಾರೂ ಗೋಡೆ ನೋಡುವುದಿಲ್ಲ, ಬಾಗಿಲು ನೋಡುತ್ತಾರೆ. ತೆಗೆದು, ಮುಚ್ಚಿ, ಮತ್ತೆ ತೆಗೆದು ನೋಡುತ್ತಾರೆ. ಎಲ್ಲಾದರೂ ಕೂದಲೆಳೆಯಷ್ಟು ಹಿಡಿದರೂ ಬಾಗಿಲಕ್ಕನಿಗೆ ಬುಲಾವ್. ಅವಳು ಬಂದು ಹಿಡಿದ ಅಂಚನ್ನು ಕೀಸಿ, ಕಿರುಬೆರಳಲ್ಲಿ ತಳ್ಳಿದರೂ ತೆರೆಯುವಂತೆ ಮಾಡಿ ಹೋಗುತ್ತಾಳೆ. ಮನೆಯವರು ಗೆದ್ದೆವು ಅಂದುಕೊಂಡು ಕಾಲು ಚಾಚಿ ಮಲಗುತ್ತಾರೆ.

ಈ ಸಲ ನಡುಗಿದ್ದು ಬೆಳಿಗ್ಗೆ. ಹೆಸರಿಡುವಷ್ಟು ದೊಡ್ಡದಲ್ಲ. ಅಂಗಡಿಯಲ್ಲಿ ಅಂಟಿನ ಡಬ್ಬ ಉರುಳಿತು. ಅದನ್ನು ನೆಟ್ಟಗಿಡುವಷ್ಟರಲ್ಲಿ ತಂಗಿಯ ಫೋನು.

“ಅಕ್ಕಾ, ನಮ್ ಬಾಗ್ಲು ಮತ್ತೆ ಹಿಡ್ಕೊಂಡಿದೆ. ನಾನು ಹಾಲು ತರೋಕೆ ಹೊರಗೆ ಬಂದಿದ್ದೆ, ಇವ್ರು ಒಳಗಿದಾರೆ. ಬೇಗ ಬಾರೇ.”

“ಡ್ರೈವರ್ ಏನಂತಾರೆ?”

“ಒಳಗಿಂದ ಹಾಡು ಹೇಳ್ತಿದಾರೆ. ಬಾ ಅಂದ್ರೆ!”

ಡ್ರೈವರ್ ಎಂದರೆ ತಂಗಿಯ ಗಂಡ. ಜೀವಮಾನವಿಡೀ ಊರ ಬಸ್ಸು ಓಡಿಸಿ, ಮಂಡಿ ಎರಡೂ ಸವೆಸಿಕೊಂಡು, ಒಂದು ಕಟ್ಟಡದ ಮೂರನೇ ಮಹಡಿಯಲ್ಲಿ ಎರಡು ಕೋಣೆ ಮಾಡಿಕೊಂಡಿದ್ದ. ಬಾಗಿಲಕ್ಕ ಹಾರೆ ತೂರಿಸಿ ಮೀಟಿದಾಗ ಬಾಗಿಲು ಕಿರುಚಿಕೊಂಡು ಬಿಟ್ಟಿತು. ಒಳಗೆ ಅವನು ಕೋಲು ಹಿಡಿದು ಕುರ್ಚಿಯಲ್ಲಿ ಕೂತಿದ್ದ.

“ಅತ್ತಿಗೆ, ಇನ್ನೊಂಚೂರು ತಡ ಮಾಡ್ಬಹುದಿತ್ತು. ಮದ್ವೆ ಆದ್ಮೇಲೆ ಮೊದಲ್ನೇ ಸಲ ಮನೆ ತಣ್ಣಗಿತ್ತು.”

“ಇವ್ರಿಗೆ ಎಲ್ಲಾ ತಮಾಷೆ,” ಎಂದಳು ತಂಗಿ. “ಕೀಸಕ್ಕಾ, ಅದೇ ಮೇಲಿನ ಮೂಲೆ.”

ಬಾಗಿಲಕ್ಕ ಕೀಲು ಬಿಚ್ಚಿ ಬಾಗಿಲನ್ನು ಮೊಗಸಾಲೆಯಲ್ಲಿ ಅಡ್ಡ ಮಲಗಿಸಿದಳು. ಕೀಸುಳಿ ಇಟ್ಟವಳು ತಡೆದಳು. ಬೀಗ ಕೂತಿರುವ ಗೂಡಿನ ಸುತ್ತಲ ಮರ ಉಗುರಿನಷ್ಟು ತೆಳುವಾಗಿತ್ತು. ಇನ್ನೊಂದು ಸಲ ಕೀಸಿದರೆ ಬಾಯಿ ಬಿಡುವುದು ಖಂಡಿತ. ಅಂಚಿನುದ್ದಕ್ಕೂ ನೋಡಿದಳು. ಬುಡದಲ್ಲಿ ಹಳೆಯ ಹಸಿರು ಬಣ್ಣ ಹಾಗೇ ಇತ್ತು. ಅದರ ಮೇಲೆ ಮೊದಲ ಸಲ ಕೀಸಿ ಕಪ್ಪಾದ ಮರ, ಅದರ ಮೇಲೆ ಆಮೇಲಿನದು, ತುದಿಯಲ್ಲಿ ಹೋದ ವರ್ಷ ಕೀಸಿದ ಬಿಳಿ ಮರ. ಇನ್ನೊಂದು ಕಡೆ ಸಂದು ಬಿದ್ದಲ್ಲಿ ಅವಳೇ ಹೊಡೆದ ಮರದ ಪಟ್ಟಿಗಳು. ಮೂಲೆ ನೆಟ್ಟಗಿದೆಯೇ ಎಂದು ಅಳೆಯುವ ಮೂಲೆಮಟ್ಟ ತಂದು ಇಟ್ಟು ನೋಡಿದಳು. ಮೂಲೆಗೂ ಮಟ್ಟಕ್ಕೂ ನಡುವೆ ಹೆಬ್ಬೆರಳು ನುಗ್ಗುವಷ್ಟು ಜಾಗ.

ಕಟ್ಟಡ ಒಂದು ಕಡೆಗೆ ವಾಲುತ್ತಿತ್ತು. ನಡುಗಿದಾಗೆಲ್ಲ ಬಾಗಿಲು ಹಿಡಿದುಕೊಂಡು ಅದನ್ನೇ ಹೇಳುತ್ತಿತ್ತು. ಆಗೆಲ್ಲ ಇವಳು ಬಂದು ಅದರ ಬಾಯಿ ಮುಚ್ಚಿಸಿ ಹೋಗಿದ್ದಳು. ಈ ಮನೆಯಲ್ಲಷ್ಟೇ ಅಲ್ಲ. ಎದೆ ಧಸಕ್ಕೆನ್ನಬೇಕಿತ್ತು, ಅನ್ನಲಿಲ್ಲ. ಮೂಲೆಮಟ್ಟದ ಧೂಳೊರೆಸಿ ಚೀಲಕ್ಕೆ ಹಾಕಿಕೊಂಡಳು.

“ಇದನ್ನ ಕೀಸಲ್ಲ. ನೀವಿಬ್ರೂ ಇಲ್ಲಿಂದ ಹೊರಡಿ. ಅಂಗಡಿ ಹಿಂದಿನ ಕೋಣೆ ಖಾಲಿ ಮಾಡ್ಕೊಡ್ತೀನಿ.”

“ಕೀಸು ಅಂದ್ರೆ ಊರೇ ಬಿಟ್ಟು ಹೋಗಿ ಅಂತಾಳಲ್ಲ! ನೀನೇನು ಇಂಜಿನಿಯರಾ?”

“ಇಂಜಿನಿಯರ್ ಆವಾಗ್ಲೇ ಬಂದು ಕೆಳಗಿನ ಕಂಬಕ್ಕೆ ಕೆಂಪು ಗುರುತು ಹಾಕಿ ಹೋಗಿರ್ಲಿಲ್ವಾ? ಅದರ ಮೇಲೆ ಸುಣ್ಣ ಹೊಡೆದೋರು ಯಾರು?”

“ಎಲ್ಲಾರೂ ಸೇರಿ ಹೊಡೆದ್ವಿ. ಮತ್ತೇನ್ ಮಾಡ್ಬೇಕಿತ್ತು? ಸರ್ಕಾರದ ತಗಡಿನ ಶೆಡ್ಡಿಗೆ ಹೋಗ್ಬೇಕಿತ್ತಾ? ಆರು ತಿಂಗ್ಳಿಗೆ ಅಂತ ಹೋದೋರು ಅಲ್ಲೇ ಮೊಮ್ಮಕ್ಕಳನ್ನ ಎತ್ತಾಡ್ಸ್ತಿದಾರೆ.”

ಆ ಶೆಡ್ಡುಗಳಿಗೂ ಚಿಲಕ ಹಾಕಿಕೊಟ್ಟವಳು ಬಾಗಿಲಕ್ಕನೇ. ಬಗ್ಗಿ ಬಾಗಿಲನ್ನು ಬೆನ್ನಿಗೇರಿಸಿಕೊಂಡಳು.

“ಎಲ್ಲಿಗೇ ಹೊತ್ಕೊಂಡು ಹೊರಟೆ? ಅಕ್ಕಾ! ನಿಂಗೇನು ತಲೆ ಕೆಟ್ಟಿದೆಯಾ?”

ಅವಳು ತಿರುಗಿ ನೋಡಲಿಲ್ಲ. ತಿರುಗಿದ್ದರೆ ಮೆಟ್ಟಿಲ ಮೇಲೆ ಬಾಗಿಲು ಸಿಕ್ಕಿಕೊಳ್ಳುತ್ತಿತ್ತು. ಕೆಳಗೆ ಟೈಲರ್ ಹೊಲಿಗೆ ನಿಲ್ಲಿಸಿ ಕತ್ತು ಚಾಚಿದ.

“ಏನ್ ಬಾಗಿಲಕ್ಕ, ತಂಗಿ ಮನೆಗೇ ಕನ್ನ ಹಾಕಿದ್ರಾ?”

“ನಿಂದೂ ಬಿಚ್ಕೊಂಡು ಹೋಗ್ಲಾ?”

“ನಂದು ಶಟರ್ರಮ್ಮಾ. ನಿಮ್ ಕೈಗೆ ಬಗ್ಗಲ್ಲ.”

ತಂಗಿ ಚೌಕಟ್ಟಿಗೆ ಹಾಸಿಗೆಯ ಚಾದರ ಕಟ್ಟಿದಳು. ಊರಿನ ಇನ್ನೊಬ್ಬ ಬಡಗಿಯನ್ನು ಕರೆದಳು. ಒಬ್ಬರು ಕೂರಿಸಿದ ಬಾಗಿಲಿಗೆ ಅವರು ಬದುಕಿರುವಷ್ಟು ದಿನ ಇನ್ನೊಬ್ಬರು ಕೈಹಾಕುವುದಿಲ್ಲ, ಅದು ಕಸುಬಿನ ಮಾತು. ಅವನು ಚಾದರ ಸರಿಸಿ ನೋಡಿ, “ನಿಮ್ಮಕ್ಕನ್ನೇ ಕೇಳ್ಕೊಳಿ ತಾಯಿ” ಎಂದು ಹೋದ.

ವಾರ ತುಂಬುವ ಮೊದಲು ಸಾಮಾನಿನ ಗಾಡಿಯೊಂದು ಅಂಗಡಿಯ ಮುಂದೆ ನಿಂತಿತು. ಮೊದಲು ಚಾಪೆ ಇಳಿಯಿತು, ಆಮೇಲೆ ನೀರಿನ ಕೊಡ, ಕೊನೆಗೆ ಕೋಲೂರಿಕೊಂಡು ಡ್ರೈವರ್. ತಂಗಿ ಚಾಪೆಯನ್ನು ಅಂಗಡಿಯ ನಟ್ಟನಡುವೆ, ಮರದ ಹೊಟ್ಟಿನ ಮೇಲೇ ಹಾಸಿ ಕೂತಳು.

“ಬಾಗ್ಲು ಕೊಡೋವರೆಗೂ ಏಳಲ್ಲ. ಧರಣಿ.”

“ಘೋಷಣೆ ಇಲ್ವಾ?”

“ಉರಿಸ್ಬೇಡ ನನ್ನ. ಎದುರು ಮನೆ ಬೆಕ್ಕು ಒಳಗೆ ನುಗ್ಗಿ ಹಾಸಿಗೆ ಮೇಲೆ ಮರಿ ಹಾಕಿದೆ.”

“ಮುದ್ದಾಗಿವೆ ಅತ್ತಿಗೆ,” ಎಂದ ಡ್ರೈವರ್.

“ನೀವು ಸುಮ್ನಿರಿ!” ತಂಗಿ ಅಕ್ಕನ ಕಡೆ ತಿರುಗಿದಳು. “ನಿನ್ ಗಂಡ ಬಾಗ್ಲು ತೆಗೆಯಕ್ಕಾಗ್ದೆ ಹೋದ್ರು. ನಮ್ಗೆ ಬಾಗ್ಲೇ ಇಲ್ದಂಗೆ ಮಾಡಿದ್ಯಲ್ಲೇ. ನಿಂಗೆ ಏನೂ ಅನ್ಸಲ್ವಾ?”

ಬಾಗಿಲಕ್ಕ ಗರಗಸ ಕೆಳಗಿಟ್ಟಳು. ಒಳಗೆ ಹುಡುಕಿ ನೋಡುವವಳಂತೆ ಅದರ ಹಲ್ಲುಗಳ ಮೇಲೆ ನಿಧಾನ ಬೆರಳಾಡಿಸಿದಳು.

“ಇಲ್ಲ. ಏನೂ ಅನ್ಸಲ್ಲ. ಅವ್ರು ಹೋದಾಗ್ಲೂ ಅನ್ನಿಸ್ಲಿಲ್ಲ, ಬಟ್ಟೆ ಮಡಚ್ತಾ ಕೂತಿದ್ದೆ. ನೀನೇ ನೋಡಿದೀಯ. ನಾಳೆ ಆ ಕಟ್ಟಡ ಬಿದ್ದು ನಿನ್ನ ರಾಶಿಯಿಂದ ಎಳೆದು ತಂದ್ರೂ ನಾನು ಹಂಗೇ ಬಟ್ಟೆ ಮಡಚ್ತಾ ಕೂತಿರ್ತೀನಿ. ಅದೊಂದೇ ಹೆದ್ರಿಕೆ ಇರೋದು ನಂಗೆ. ಅದಕ್ಕೇ ಆ ಮನೆ ಬೇಡ ಅಂತಿರೋದು.”

ಹೊರಗೆ ಗಾಡಿಯವನು ಹಾರ್ನ್ ಹೊಡೆದ, ಯಾರೂ ಹೊರಗೆ ಬರದಿದ್ದುದಕ್ಕೆ ಬೈದುಕೊಂಡು ಹೋದ.

ಬಾಗಿಲಕ್ಕ ಆ ಬಾಗಿಲನ್ನು ಎತ್ತಿ ಮೇಜಿನ ಮೇಲೆ ಹಾಕಿದಳು. ಮೂಲೆಮಟ್ಟ ಇಟ್ಟು ನಾಲ್ಕೂ ಕಡೆ ಸೀಸದ ಕಡ್ಡಿಯಿಂದ ನೆಟ್ಟಗೆ ಗೆರೆ ಎಳೆದಳು. ಪಟ್ಟಿಗಳನ್ನು ಕಿತ್ತೆಸೆದಳು. ಗರಗಸ ಮೂಲೆಯಲ್ಲಿ ಕಚ್ಚಿದಾಗ ತಂಗಿಗೆ ಅರ್ಥವಾಯಿತು. ನೇರವಾದ ಮೇಲೆ ಆ ಬಾಗಿಲು ವಾಲಿದ ಚೌಕಟ್ಟಿಗೆ ಇನ್ನೆಂದೂ ಕೂರುವುದಿಲ್ಲ. ಎದ್ದು ಕೈ ಹಿಡಿಯಬಹುದಿತ್ತು. ಏಳಲಿಲ್ಲ, ಚಾಪೆಯ ಅಂಚಿನ ನೂಲು ಕೀಳುತ್ತ ಕೂತಳು. ಡ್ರೈವರ್ ಕುಂಟುತ್ತ ಹೋಗಿ ಬಾಗಿಲಿನ ಇನ್ನೊಂದು ತುದಿಯನ್ನು ಅಲುಗದಂತೆ ಹಿಡಿದುಕೊಂಡ.

ಮರ ಇಡುತ್ತಿದ್ದ ಹಿಂದಿನ ಕೋಣೆಯನ್ನು ತೆರವು ಮಾಡಿ, ಹೊಸ ಚೌಕಟ್ಟು ನಿಲ್ಲಿಸಿ, ಸಂಜೆಗೆ ಬಾಗಿಲು ಕೂರಿಸಿದಳು.

ಆ ಕಟ್ಟಡ ಬಿದ್ದಿಲ್ಲ. ಇವತ್ತಿಗೂ ವಾಲಿಕೊಂಡೇ ನಿಂತಿದೆ. ಟೈಲರ್ ಕೆಳಗೆ ಹೊಲಿಯುತ್ತಿದ್ದಾನೆ, ಮೂರನೇ ಮಹಡಿಯಲ್ಲಿ ಬೆಕ್ಕಿನ ಸಂಸಾರ ಆರಾಮಾಗಿದೆ. ಕಟ್ಟಡ ಇನ್ನೂ ಬಿದ್ದಿಲ್ಲವಲ್ಲ ಎಂದು ತಂಗಿ ದಿನಾ ಬೆಳಿಗ್ಗೆ ಅಕ್ಕನ ಮುಂದೆ ಎತ್ತಿ ಆಡುತ್ತಾಳೆ. ಬಾಗಿಲಕ್ಕ ಈಗ ಕರೆದಲ್ಲಿ ಮೊದಲು ಮೂಲೆಮಟ್ಟ ಇಡುತ್ತಾಳೆ, ಓರೆ ಕಂಡರೆ ಕೀಸುವುದಿಲ್ಲ. ಕೆಲವರು ಬೈದು ಅಟ್ಟುತ್ತಾರೆ. ಕರೆಗಳು ಕಡಿಮೆಯಾಗಿವೆ.

ಆ ಸಂಜೆ ತಂಗಿ ಹೊಸ ಕೋಣೆಯ ಮುಂದೆ ಕೊಡ ಹಿಡಿದು ನಿಂತು ಬಾಗಿಲನ್ನು ಮೇಲಿಂದ ಕೆಳಗೆ ಅಳೆದಳು.

“ಗಿಡ್ಡ ಮಾಡ್ಬಿಟ್ಟೆ. ಇವ್ರ ತಲೆ ತಾಗುತ್ತೆ.”

“ಬಗ್ಗಿ ಬರ್ಲಿ.”

“ಮಂಡಿ ಬಗ್ಗಲ್ವಲ್ಲ ಅತ್ತಿಗೆ,” ಎಂದ ಡ್ರೈವರ್.

“ಕತ್ತು ಬಗ್ಗಿಸಿದ್ರೆ ಸಾಕು, ಬನ್ನಿ,” ಎಂದಳು ಬಾಗಿಲಕ್ಕ.